ನೇರಳೆ ಸೀರೆ ಕೊಟ್ಟ ಅಕ್ಕನಿಗೆ

ಮೊನ್ನೆ ಬೆಂಗಳೂರಿನ ಒಂದು ಟೀವಿ ಸ್ಟುಡಿಯೋದಲ್ಲಿ ನನ್ನ ಮೊದಲ ಸಂದರ್ಶನವಿತ್ತು. ಮಕ್ಕಳ ಕಥೆ ಬರೆಯುವವಳನ್ನೂ ಕರೆದು ಮಾತಾಡಿಸುತ್ತಾರೆ ಎನ್ನುವುದೇ ನನಗೆ ದೊಡ್ಡ ಸಂಭ್ರಮ. ನನ್ನ ಕಥೆಯ ಗಿಣಿಯ ನೆನಪಿಗೆ ಗಿಣಿಹಸಿರು ಸೀರೆ ಉಟ್ಟು ಹೋಗಿದ್ದೆ.

ಮೇಕಪ್ ಕೋಣೆಯಲ್ಲಿದ್ದ ಅಕ್ಕ ನೋಡಿದವರೇ, "ಅಯ್ಯೋ ಮೇಡಂ, ಒಳಗೆ ಹಸಿರು ಪರದೆ ಇದೆ" ಅಂದರು. ಆ ಪರದೆಯ ಬಣ್ಣವನ್ನು ಕಂಪ್ಯೂಟರ್ ಅಳಿಸಿ, ಆ ಜಾಗದಲ್ಲಿ ಬೇರೆ ಚಿತ್ರ ಕೂರಿಸುತ್ತದಂತೆ. ಅದೇ ಬಣ್ಣದ ಬಟ್ಟೆ ಉಟ್ಟರೆ ಅದೂ ಅಳಿಸಿಹೋಗುತ್ತದೆ. ನನಗೆ ಕಣ್ಣೀರೇ ಬಂತು. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ.

ಅಕ್ಕ ತಮ್ಮ ಚೀಲದಿಂದ ನೇರಳೆ ಬಣ್ಣದ ಸೀರೆ ತೆಗೆದರು. ಸಂಜೆಯ ಆರತಕ್ಷತೆಗೆಂದು ಇಸ್ತ್ರಿ ಮಾಡಿಸಿ ತಂದದ್ದು! ತಾವೇ ನೆರಿಗೆ ಹಿಡಿದು ಉಡಿಸಿದರು. ರವಿಕೆಯೂ ಹಸಿರಲ್ಲವೇ, ಅದು ಕಾಣದಂತೆ ಸೆರಗನ್ನು ಎರಡೂ ಹೆಗಲಿಗೆ ಹೊದಿಸಿ ಪಿನ್ನು ಹಾಕಿದರು. ಗಾಜಿನ ಬಳೆ ಬಿಚ್ಚಿಸಿದರು, ಅದರ ಸದ್ದು ಮೈಕಿಗೆ ಬೀಳುತ್ತದಂತೆ.

"ಕ್ಯಾಮೆರಾ ಕಡೆ ನೋಡಬೇಡಿ. ಕೇಳೋರ ಮುಖ ನೋಡಿ, ಮಕ್ಕಳಿಗೆ ಕಥೆ ಹೇಳೋ ಹಾಗೇ ಹೇಳಿ."

ಹಾಗೇ ಹೇಳಿದೆ. ನಡುಗುತ್ತಿದ್ದ ದನಿ ಎರಡನೇ ಪ್ರಶ್ನೆಯ ಹೊತ್ತಿಗೆ ನೆಟ್ಟಗಾಯಿತು.

ಸೀರೆ ಮರಳಿಸುವಾಗ ಅವರು ಇನ್ನೊಬ್ಬರಿಗೆ ಮೇಕಪ್ ಮಾಡುತ್ತಿದ್ದರು, ಹೆಸರು ಕೇಳಲಾಗಲಿಲ್ಲ. ಅಕ್ಕಾ, ಆರತಕ್ಷತೆಗೆ ಮುದುರಿದ ಸೀರೆಯನ್ನೇ ಉಟ್ಟಿರೇನೋ. ನಿಮಗೆ ನನ್ನ ಮನಸ್ಸು ತುಂಬಿದ ನಮಸ್ಕಾರ. ನನ್ನ ಮುಂದಿನ ಕಥೆಯ ಗಿಣಿಗೆ ನೇರಳೆ ರೆಕ್ಕೆ ಬರೆದಿದ್ದೇನೆ.