ಪ್ಲಾಟಿನಂ ಔಷಧ ಕ್ಯಾನ್ಸರ್ ಕೋಶವನ್ನು ಹುಡುಕಿಕೊಂಡು ಹೋಗುವುದಿಲ್ಲ

ಮಾನ್ಯ ಸಂಪಾದಕರೇ,

ಸಿಸ್‌ಪ್ಲಾಟಿನ್ ಮೊದಲಾದ ಪ್ಲಾಟಿನಂ ಔಷಧಗಳ ಬಗ್ಗೆ ಬರೆಯುವಾಗ, ಅವು ಕ್ಯಾನ್ಸರ್ ಕೋಶಗಳನ್ನು ಹುಡುಕಿ ನಾಶ ಮಾಡುತ್ತವೆ ಎಂಬ ಮಾತು ಮತ್ತೆ ಮತ್ತೆ ಅಚ್ಚಾಗುತ್ತದೆ. ಇದು ತಪ್ಪು, ಚಿಕಿತ್ಸೆ ಪಡೆಯುವವರು ತಿಳಿದಿರಲೇಬೇಕಾದ ಸಂಗತಿಯನ್ನು ಈ ತಪ್ಪು ಮರೆಮಾಡುತ್ತದೆ.

ಸಿಸ್‌ಪ್ಲಾಟಿನ್ ಅಣುವಿನ ನಡುವಿನ ಪ್ಲಾಟಿನಂ ಪರಮಾಣುವಿಗೆ ಒಂದು ಬದಿಯಲ್ಲಿ ಎರಡು ಅಮೋನಿಯಾ, ಇನ್ನೊಂದು ಬದಿಯಲ್ಲಿ ಎರಡು ಕ್ಲೋರೈಡ್‌ಗಳಿರುತ್ತವೆ. ರಕ್ತದಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ಅಣು ಅಲ್ಲಿ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕ್ಲೋರೈಡ್ ತೀರಾ ಕಡಿಮೆಯಿರುವ ಜೀವಕೋಶವನ್ನು ಹೊಕ್ಕ ಮೇಲೆ, ಅದರ ಕ್ಲೋರೈಡ್ ಕಳಚಿ ಆ ಜಾಗಕ್ಕೆ ನೀರಿನ ಅಣು ಬರುತ್ತದೆ. ಹೀಗೆ ಚುರುಕಾದ ಪ್ಲಾಟಿನಂ, ಡಿಎನ್‌ಎಯ ಘಟಕಗಳಲ್ಲೊಂದಾದ ಗ್ವಾನಿನ್‌ನಲ್ಲಿ ಏಳನೇ ಸ್ಥಾನದಲ್ಲಿರುವ ನೈಟ್ರೋಜನ್‌ಗೆ ಅಂಟಿಕೊಂಡು, ಹೆಚ್ಚಿನ ಸಂದರ್ಭಗಳಲ್ಲಿ ಅದೇ ಎಳೆಯ ಪಕ್ಕದ ಗ್ವಾನಿನ್ನನ್ನೂ ಹಿಡಿದುಬಿಡುತ್ತದೆ. ಆಗ ಡಿಎನ್‌ಎ ಆ ಜಾಗದಲ್ಲಿ 30 ಡಿಗ್ರಿಗೂ ಹೆಚ್ಚು ಬಾಗುತ್ತದೆ, ನಕಲು ಮಾಡುವ ಕಿಣ್ವಗಳು ಅಲ್ಲಿ ತಡೆದು ನಿಲ್ಲುತ್ತವೆ, ದುರಸ್ತಿ ಕೈಗೂಡದಿದ್ದರೆ ಕೋಶ ತನ್ನನ್ನೇ ಕೊನೆಗಾಣಿಸಿಕೊಳ್ಳುತ್ತದೆ.

ರಸಾಯನಶಾಸ್ತ್ರ ಕಲಿಸಿದ ನನಗೆ ಇದರಲ್ಲಿ ಇಂದಿಗೂ ಬೆರಗು ಹುಟ್ಟಿಸುವುದು ಜೋಡಣೆಯ ಮಹತ್ವ. ಅವೇ ಪರಮಾಣುಗಳಿದ್ದು ಕ್ಲೋರೈಡ್‌ಗಳು ಎದುರುಬದುರಾಗಿರುವ ಟ್ರಾನ್ಸ್ ರೂಪವು ಪಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು ಹೀಗೆ ಬಿಗಿಯಲಾರದು. ಔಷಧವಾಗಿಯೂ ಅದು ಕೆಲಸಕ್ಕೆ ಬರಲಿಲ್ಲ. 1845ರಲ್ಲೇ ಇಟಲಿಯ ರಸಾಯನಶಾಸ್ತ್ರಜ್ಞ ಮಿಕೆಲೆ ಪೆಯ್ರೋನೆ ತಯಾರಿಸಿದ್ದ ಸಿಸ್‌ಪ್ಲಾಟಿನ್‌ಗೆ ಕೋಶ ವಿಭಜನೆಯನ್ನು ತಡೆಯುವ ಗುಣವಿರುವುದು ಹೊರಬಿದ್ದದ್ದು, 1965ರಲ್ಲಿ ಅಮೆರಿಕದ ವಿಜ್ಞಾನಿ ಬಾರ್ನೆಟ್ ರೋಸೆನ್‌ಬರ್ಗ್ ತಂಡದವರು ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ ಕ್ಷೇತ್ರದ ಪರಿಣಾಮವನ್ನು ನೋಡುತ್ತಿದ್ದಾಗ, ಪ್ಲಾಟಿನಂ ವಿದ್ಯುದ್ವಾರಗಳಿಂದ ಹುಟ್ಟಿದ ಸಂಯುಕ್ತಗಳು ಅವುಗಳ ವಿಭಜನೆಯನ್ನು ನಿಲ್ಲಿಸಿದ್ದರಿಂದ.

ಈ ಇಡೀ ಕ್ರಿಯೆಯಲ್ಲಿ ಕ್ಯಾನ್ಸರ್ ಕೋಶವನ್ನು ಗುರುತಿಸುವ ಹಂತವೇ ಇಲ್ಲ, ಏಕೆಂದರೆ ಗ್ವಾನಿನ್ ಎಲ್ಲ ಕೋಶಗಳ ಡಿಎನ್‌ಎಯಲ್ಲೂ ಇದೆ. ವ್ಯತ್ಯಾಸ ಬರುವುದು ಆನಂತರ: ಎಡೆಬಿಡದೆ ವಿಭಜನೆಯಾಗುವ ಕೋಶಕ್ಕೆ ಪೆಟ್ಟು ಹೆಚ್ಚು, ದುರಸ್ತಿ ಸಾಮರ್ಥ್ಯ ಕುಗ್ಗಿದ್ದರೆ ಇನ್ನೂ ಹೆಚ್ಚು. ವೃಷಣದ ಕ್ಯಾನ್ಸರ್ ಈ ಔಷಧಕ್ಕೆ ಅಷ್ಟು ಚೆನ್ನಾಗಿ ಮಣಿಯಲು ಆ ಕೋಶಗಳ ದುರ್ಬಲ ದುರಸ್ತಿ ವ್ಯವಸ್ಥೆಯೂ ಒಂದು ಕಾರಣ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೂ ಒಳಕಿವಿಗೂ ಹಾನಿ ಮಾಡಬಲ್ಲದು ಎಂಬ ಮಾತು, ಔಷಧ ಹುಡುಕಿಕೊಂಡು ಹೋಗುತ್ತದೆ ಎಂದು ನಂಬಿದವರಿಗೆ ಅರ್ಥವೇ ಆಗುವುದಿಲ್ಲ.

ಆದ್ದರಿಂದ ಇಂಥ ಲೇಖನಗಳಲ್ಲಿ ‘ಡಿಎನ್‌ಎಗೆ ಅಂಟಿ ಕೋಶ ವಿಭಜನೆಯನ್ನು ತಡೆಯುತ್ತದೆ’ ಎಂದು ನೇರವಾಗಿ ಬರೆಯಬೇಕೆಂದು ಕೋರುತ್ತೇನೆ. ಚಿಕಿತ್ಸೆಯ ಜೊತೆಗೆ ರಕ್ತನಾಳದ ಮೂಲಕ ಅಷ್ಟೊಂದು ದ್ರವ ಕೊಡುವುದೇಕೆ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾದರೆ ವೈದ್ಯರಿಗೆ ಕೂಡಲೇ ಹೇಳಬೇಕಾದದ್ದೇಕೆ ಎಂಬುದನ್ನೂ ಅದರೊಟ್ಟಿಗೇ ತಿಳಿಸಬಹುದು.

– ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕಿ