ಪಂಪು ಬಿಚ್ಚುವ ಮುನ್ನ ಕಮೋಡಿನ ನೀರು ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಹುಡುಗರು ಗೋವಾ, ಕೊಚ್ಚಿ, ದುಬೈ ಕಡೆಯ ವಿಹಾರ ದೋಣಿಗಳಲ್ಲಿ ಕೆಲಸಕ್ಕೆ ಸೇರುವುದುಂಟು. ಹಾಯಿ ಏರಿಸುವುದು, ಎಂಜಿನ್ ಎಣ್ಣೆ ಬದಲಿಸುವುದು ಬೇಗ ಕೈಗೆ ಹತ್ತುತ್ತದೆ. ಶೌಚಾಲಯ ಕೆಟ್ಟಾಗ ಮಾತ್ರ ಮೂಗು ಮುಚ್ಚಿಕೊಂಡು ಪಂಪಿನ ಕಡೆ ಬೆರಳು ತೋರಿಸುವವರೇ ಎಲ್ಲರೂ. ಮಾಲೀಕರು ದುಬಾರಿ ಪಂಪು ತರಿಸುತ್ತಾರೆ, ಹಾಕಿದ ಮೂರನೇ ದಿನ ಮತ್ತೆ ಅದೇ ರಗಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವಿಹಾರ ದೋಣಿಗಳಲ್ಲಿ ಕಾಣುವ ವ್ಯಾಕ್ಯೂಫ್ಲಶ್ ಮಾದರಿಯ ಕಮೋಡಿನ ದೋಷ ಹುಡುಕುವ ಕ್ರಮವನ್ನು ಅಂಥವರಿಗಾಗಿ ಬರೆಯುತ್ತಿದ್ದೇನೆ.

ವಂದೇ ಭಾರತ್ ರೈಲಿನಲ್ಲಿ ಗುಂಡಿ ಒತ್ತಿದೊಡನೆ ‘ಭುಸ್’ ಎಂದು ಎಳೆದುಕೊಳ್ಳುವುದನ್ನು ಓದುಗರು ನೋಡಿರಬಹುದು. ದೋಣಿಯಲ್ಲೂ ಮೂಲ ತತ್ವ ಅದೇ, ಗಾಳಿಯ ಎಳೆತ. ಕಮೋಡಿನ ತಳದಲ್ಲಿ ಅರ್ಧಗೋಳದಂಥ ಮುಚ್ಚಳ, ಅದರ ಅಂಚಿಗೆ ಸೀಲ್. ಅಲ್ಲಿಂದ ಪೈಪು ನಿರ್ವಾತದ ಟ್ಯಾಂಕಿಗೆ, ಅದರಾಚೆ ಪಂಪು, ಕೊನೆಗೆ ಕೊಳಚೆ ಟ್ಯಾಂಕು. ಪಂಪು ಅಂದರೆ ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗುವ ರಬ್ಬರಿನ ಬೆಲ್ಲೋಸ್. ಟ್ಯಾಂಕಿನೊಳಗಿನ ಎಳೆತ ಸುಮಾರು 10 ಇಂಚು ಪಾದರಸಕ್ಕೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಮೂರನೇ ಒಂದರಷ್ಟಕ್ಕೆ, ಬಂದಾಗ ಸ್ವಿಚ್ಚು ಪಂಪನ್ನು ನಿಲ್ಲಿಸುತ್ತದೆ. ಎಳೆತ ಸ್ವಲ್ಪ ಇಳಿದರೆ ಮತ್ತೆ ಓಡಿಸುತ್ತದೆ. ಪೆಡಲ್ ತುಳಿದಾಗ ಮುಚ್ಚಳ ತೆರೆದು, ಅರ್ಧ ಲೀಟರಿನಷ್ಟು ನೀರಿನಲ್ಲೇ ಎಲ್ಲ ಹೋಗಿಬಿಡುತ್ತದೆ. ಸಿಹಿನೀರನ್ನು ಲೆಕ್ಕ ಹಾಕಿ ಬಳಸುವ ದೋಣಿಯಲ್ಲಿ ಇದೇ ಅದರ ದೊಡ್ಡ ಗುಣ.

ಫ್ಲಶ್ ಮಾಡಿದ ಮೇಲೆ ಪಂಪು ಒಂದು ನಿಮಿಷದ ಆಸುಪಾಸು ಓಡಿ ನಿಂತರೆ ಸರಿ. ಯಾರೂ ಬಳಸದೆ ಇರುವಾಗ ಮೂರು ಗಂಟೆಯಾದರೂ ಅದು ಸುಮ್ಮನಿರಬೇಕು. ಕಾಲು ಗಂಟೆಗೊಮ್ಮೆ ತಾನಾಗಿ ಓಡುತ್ತಿದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ ಎಂದೇ ಅರ್ಥ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ಎಷ್ಟು ಬಲವಾಗಿ ಹೀರಿದರೇನು? ಇದು ಬರೀ ಕಿರಿಕಿರಿಯ ಮಾತಲ್ಲ. ಪಂಪು 6 ಆಂಪಿಯರ್ ಎಳೆಯುತ್ತಾ, ಒಂದೊಂದು ಸಲಕ್ಕೆ ಒಂದು ನಿಮಿಷದಂತೆ, ದಿನಕ್ಕೆ 96 ಸಲ ಓಡಿದರೆ 12 ವೋಲ್ಟಿನ ಬ್ಯಾಟರಿಯಿಂದ ಹತ್ತಿರ ಹತ್ತಿರ 10 ಆಂಪಿಯರ್-ಗಂಟೆ ವ್ಯರ್ಥ.

ಮೊದಲು ನೋಡಬೇಕಾದದ್ದು ಕಮೋಡು. ಅದಕ್ಕೆ ಒಂದು ಸ್ಪ್ಯಾನರೂ ಬೇಡ. ರಾತ್ರಿ ಅರ್ಧ ಲೀಟರ್ ನೀರು ಹುಯ್ದು, ನೀರಿನ ಅಂಚಿಗೆ ಒಂದು ತುಂಡು ಟೇಪು ಅಂಟಿಸಿ ಮಲಗಿ. ಬೆಳಿಗ್ಗೆ ನೀರು ಟೇಪಿಗಿಂತ ಕೆಳಗಿಳಿದಿದ್ದರೆ, ಅಥವಾ ಪೂರ್ತಿ ಮಾಯವಾಗಿದ್ದರೆ, ಕಳ್ಳ ಸಿಕ್ಕಿದ. ಕೆಳಗಿನ ಎಳೆತಕ್ಕೆ ಆ ನೀರು ಸೀಲಿನ ಸಂದಿಯಿಂದ ಹೋಗಿದೆ. ನೀರಿಲ್ಲದೆ ಒಣಗಿದ ಸೀಲು ಇನ್ನಷ್ಟು ಗಾಳಿ ಬಿಡುವುದರಿಂದ ಕಮೋಡಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು.

ಸೀಲು ಕಂಡೊಡನೆ ಬದಲಿಸಬೇಕೆಂದೇನೂ ಇಲ್ಲ. ಪಂಪಿನ ವಿದ್ಯುತ್ ಕಡಿಯುವ ಬ್ರೇಕರ್ ಆಫ್ ಮಾಡಿ, ಪೆಡಲ್ ತುಳಿದು ಉಳಿದ ಎಳೆತ ಬಿಡಿಸಿ, ಮುಚ್ಚಳ ತೆರೆದು ಹಿಡಿದುಕೊಂಡು, ಕೈಗವಸು ಹಾಕಿದ ಬೆರಳನ್ನು ಸೀಲಿನ ಕೆಳಮೈಯಲ್ಲಿ ಸುತ್ತ ಆಡಿಸಿ. ಮರಳಿನಂತೆ ಒರಟಾಗಿ ಹತ್ತಿದರೆ ಅದು ಮೂತ್ರದ ಸುಣ್ಣದ ಪದರ. ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ವಿನೆಗರ್ ಸಾಕು. ಕಾಗದದ ಚೂರು, ಕೂದಲು ಸಿಕ್ಕಿಕೊಳ್ಳುವುದೂ ಇಲ್ಲೇ. ಟ್ಯಾಂಕಿನಲ್ಲಿ ಎಳೆತ ಇರುವಾಗ, ಬಿಟ್ಟ ಪೆಡಲನ್ನು ಕಾಲ್ಬೆರಳಿನಿಂದ ಇನ್ನೂ ಸ್ವಲ್ಪ ಮೇಲೆತ್ತಿದಾಗ ಗಾಳಿ ನುಸುಳುವ ‘ಸುಯ್’ ಶಬ್ದ ನಿಂತರೆ ಸೀಲಿನ ತಪ್ಪಲ್ಲ, ಪೆಡಲಿನ ಸ್ಪ್ರಿಂಗು ಸೋತಿದೆ. ಸೀಲು ನಿಜವಾಗಿ ಹರಿದಿದ್ದರೆ ಕಮೋಡನ್ನು ಬುಡಕ್ಕೆ ಹಿಡಿದಿಟ್ಟ ಪಟ್ಟಿ ಸಡಿಲಿಸಿ ಕಮೋಡು ಎತ್ತಿ ಹೊಸದು ಕೂರಿಸಿ. ಮತ್ತೆ ಬಿಗಿಯುವಾಗ ಪಟ್ಟಿಯನ್ನು ಸುತ್ತ ಮೆಲ್ಲಗೆ ತಟ್ಟುತ್ತಾ ಬಿಗಿಯಿರಿ. ಒಂದೇ ಕಡೆ ಎಳೆದುಕೊಂಡರೆ ಇನ್ನೊಂದು ಕಡೆ ಸಂದಿ ಉಳಿಯುತ್ತದೆ.

ನೀರು ಇಳಿಯದಿದ್ದರೂ ಪಂಪು ಓಡುತ್ತಿದೆಯೇ? ಹಾಗಾದರೆ ಹಾದಿಯನ್ನು ಎರಡು ಭಾಗ ಮಾಡಿ. ನಿರ್ವಾತದ ಟ್ಯಾಂಕಿಗೆ ಕಮೋಡಿನಿಂದ ಬರುವ ಪೈಪು ಬಿಚ್ಚಿ, ಟ್ಯಾಂಕಿನ ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಬ್ರೇಕರ್ ಆನ್ ಮಾಡಿ. ಪಂಪು ಓಡಿ ನಿಂತು ಹಾಗೇ ಇದ್ದರೆ ಗಾಳಿ ಸೇರುವುದು ಪೈಪಿನಲ್ಲಿ ಅಥವಾ ಕಮೋಡಿನಲ್ಲಿ. ಬಿರಡೆ ಇದ್ದೂ ಮತ್ತೆ ಮತ್ತೆ ಓಡಿದರೆ ದೋಷ ಪಂಪಿನ ಕಡೆ, ಅದರಲ್ಲೂ ಬಹುಪಾಲು ಡಕ್‌ಬಿಲ್ ವಾಲ್ವಿನಲ್ಲಿ. ಈ ಒಂದು ಪರೀಕ್ಷೆ ಅರ್ಧ ದಿನದ ಊಹಾಪೋಹ ಉಳಿಸುತ್ತದೆ. ಪೈಪಿನ ಸೋರಿಕೆಗೆ ಸೋಪಿನ ನೀರು ಹಚ್ಚುವವರಿದ್ದಾರೆ. ಇಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ, ಗುಳ್ಳೆ ಏಳುವುದಾದರೂ ಹೇಗೆ? ಬದಲಿಗೆ ಜೋಡಣೆಯ ಸುತ್ತ ಶೇವಿಂಗ್ ನೊರೆ ಮೆತ್ತಿ. ಸೋರುವ ಜಾಗದಲ್ಲಿ ನೊರೆ ಗುಳಿ ಬೀಳುತ್ತದೆ.

ಡಕ್‌ಬಿಲ್ ವಾಲ್ವ್ ಅಂದರೆ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾದ ರಬ್ಬರಿನ ತುಟಿ. ಮುಂದೆ ಹೋದದ್ದನ್ನು ಹಿಂದೆ ಬರಗೊಡದಿರುವುದು ಅದರ ಕೆಲಸ. ಹೆಚ್ಚಿನ ಪಂಪುಗಳಲ್ಲಿ ಇಂಥವು ನಾಲ್ಕು, ಒಳಬಾಯಿಗೆ ಎರಡು, ಹೊರಬಾಯಿಗೆ ಎರಡು. ತೊಳೆದು ಬೆಳಕಿಗೆ ಹಿಡಿದರೆ ಒಳ್ಳೆಯ ತುಟಿ ಗೆರೆಯಂತೆ ಮುಚ್ಚಿರುತ್ತದೆ. ಸೋತದ್ದು ಹಲ್ಲು ಬಿಟ್ಟಂತೆ ತುಸು ತೆರೆದಿರುತ್ತದೆ. ಒಂದು ಕೆಟ್ಟಿದ್ದರೂ ನಾಲ್ಕನ್ನೂ ಬದಲಿಸಿ. ಉಳಿದ ಮೂರರ ವಯಸ್ಸೂ ಅಷ್ಟೇ ಅಲ್ಲವೇ? ಕೊಕ್ಕಿನ ತುದಿ ಕೊಳಚೆ ಹೋಗುವ ದಿಕ್ಕಿಗೇ ಇರಬೇಕು. ತಿರುವುಮುರುವಾಗಿ ಕೂರಿಸಿ ‘ಹೊಸ ವಾಲ್ವೂ ಸರಿಯಿಲ್ಲ’ ಎನ್ನುವುದು ಈ ಕೆಲಸದಲ್ಲಿ ಮಾಮೂಲು. ನಟ್ಟುಗಳನ್ನು ಕೈಯಲ್ಲೇ ಬಿಗಿಯಿರಿ, ಪೈಪ್ ರೆಂಚ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಜಾರಲು ಸಿಲಿಕೋನ್ ಗ್ರೀಸ್ ಹಚ್ಚಿ. ಎಂಜಿನ್ನಿನ ಗ್ರೀಸು ಸವರಿದರೆ ರಬ್ಬರು ಉಬ್ಬುತ್ತದೆ. ಬಿಚ್ಚುವ ಮುನ್ನ ಶುದ್ಧ ನೀರಿನಲ್ಲಿ ಐದಾರು ಸಲ ಫ್ಲಶ್ ಮಾಡಿ, ಬ್ರೇಕರ್ ಆಫ್ ಮಾಡಿ, ಗಾಳಿಯಾಡಲು ದೋಣಿಯ ಮೇಲಿನ ಕಿಂಡಿ ತೆರೆದು, ಕೆಳಗೆ ಬಕೆಟ್ಟಿಡುವುದನ್ನು ಮರೆಯಬೇಡಿ.

ಪಂಪು ನಿಲ್ಲದೆ ಓಡುತ್ತಿದ್ದು ಎಳೆತವೇ ಹುಟ್ಟದಿದ್ದರೆ ಬೆಲ್ಲೋಸ್ ಹರಿದಿರಬಹುದು. ಪಂಪಿನ ಕೆಳಗೆ ಜಿನುಗಿದ ಕಲೆ, ನಾತ ಅದಕ್ಕೆ ಸಾಕ್ಷಿ. ಪಂಪು ಓಡುವುದೇ ಇಲ್ಲ ಎಂದಾದರೆ ಫ್ಯೂಸು ನೋಡಿ, ಆಮೇಲೆ ನಿರ್ವಾತದ ಸ್ವಿಚ್ಚಿನ ಎರಡು ತಂತಿಗಳನ್ನು ಕ್ಷಣ ಹೊತ್ತು ಜೋಡಿಸಿ. ಆಗ ಓಡಿದರೆ ಸ್ವಿಚ್ಚು ಹೋಗಿದೆ. ಓಡುವಾಗ ಏದುಸಿರು ಬಿಟ್ಟಂತೆ ನಿಧಾನವಾಗಿದ್ದರೆ ಮೋಟಾರಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ, ಬ್ಯಾಟರಿಯ ಬಳಿ ಅಲ್ಲ. 12 ವೋಲ್ಟಿನ ಪಂಪಿಗೆ 11ಕ್ಕಿಂತ ಕಡಿಮೆ ಬರುತ್ತಿದ್ದರೆ ಹಸಿರುಗಟ್ಟಿದ ತಂತಿಯೇ ಕಾರಣವಿದ್ದೀತು. ಎಳೆತ ಸರಿಯಿದ್ದೂ ಕಮೋಡು ಖಾಲಿಯಾಗದಿದ್ದರೆ ಕಮೋಡಿಗೂ ಟ್ಯಾಂಕಿಗೂ ನಡುವೆ ಏನೋ ಕಟ್ಟಿಕೊಂಡಿದೆ.

ಬಹಳ ಮಂದಿ ಮರೆಯುವುದು ಕೊಳಚೆ ಟ್ಯಾಂಕಿನ ಉಸಿರುನಳಿಗೆ. ದೋಣಿ ಓಲಾಡಿದಾಗ ಕೊಳಚೆ ಚಿಮ್ಮಿ ಅದರ ಬಾಯಿ ಕಟ್ಟುತ್ತದೆ. ಆಗ ಪಂಪು ತುಂಬಿದ ಬಲೂನಿಗೆ ಊದಿದಂತೆ ಹೆಣಗುತ್ತದೆ. ದಡದಲ್ಲಿ ಟ್ಯಾಂಕು ಖಾಲಿ ಮಾಡಿಸುವಾಗ ನಳಿಗೆಯನ್ನು ಹೊರಗಿನಿಂದ ನೀರು ಬಿಟ್ಟು ತೊಳೆಯುವುದು ಐದು ನಿಮಿಷದ ಕೆಲಸ.

ಟಾಯ್ಲೆಟ್ ಕಾಗದದ ಬಗ್ಗೆ ಅತಿಥಿಗಳ ಜತೆ ವಾದ ಬೇಡ. ಬಾಟಲಿಯ ನೀರಿಗೆ ಒಂದು ತುಂಡು ಹಾಕಿ ಕುಲುಕಿ ತೋರಿಸಿ. ಚೂರುಚೂರಾದರೆ ಬಳಸಬಹುದು, ಹಾಗೇ ಉಳಿದರೆ ಕಸದ ಬುಟ್ಟಿಗೆ. ಒರೆಸುವ ಒದ್ದೆ ಬಟ್ಟೆ, ಸ್ಯಾನಿಟರಿ ಪ್ಯಾಡು ಯಾವ ಕಾರಣಕ್ಕೂ ಕೂಡದು. ಬ್ಲೀಚು, ಪೈನ್ ಎಣ್ಣೆಯ ಫಿನಾಯಿಲು ಸುರಿಯುವ ಚಾಳಿಯನ್ನೂ ಬಿಡಿಸಬೇಕು. ರಬ್ಬರನ್ನು ತಿನ್ನುವುದೇ ಅವು.

ದೂರ ಹೊರಡುವ ಹಾಯಿದೋಣಿಯಲ್ಲಿ ನಾಲ್ಕು ಡಕ್‌ಬಿಲ್, ಒಂದು ಜೊತೆ ಕಮೋಡಿನ ಸೀಲು, ಒಂದು ನಿರ್ವಾತದ ಸ್ವಿಚ್ಚು, ಹೊಂದುವ ಫ್ಯೂಸು ಮತ್ತು ಆ ರಬ್ಬರ್ ಬಿರಡೆ ಒಂದು ಡಬ್ಬಿಯಲ್ಲಿರಲಿ. ದೋಣಿಯನ್ನು ವಾರಗಟ್ಟಲೆ ಬಿಟ್ಟುಹೋಗುವಾಗ ಶುದ್ಧ ನೀರಿನಲ್ಲಿ ಹಲವು ಸಲ ಫ್ಲಶ್ ಮಾಡಿ, ಕಮೋಡಿನಲ್ಲಿ ಸ್ವಲ್ಪ ನೀರು ನಿಲ್ಲಿಸಿ, ಪಂಪಿನ ಬ್ರೇಕರ್ ಆಫ್ ಮಾಡಿ. ಇಲ್ಲದಿದ್ದರೆ ಯಾರೂ ಇಲ್ಲದ ದೋಣಿಯಲ್ಲಿ ಪಂಪು ತಾನೊಂದೇ ಓಡುತ್ತಾ ಬ್ಯಾಟರಿ ಬರಿದು ಮಾಡಿಟ್ಟಿರುತ್ತದೆ.

– ದೋಣಿ ಪ್ಲಂಬಿಂಗ್ ಕೆಲಸಗಾರ, ಕೊಚ್ಚಿ