ಕೆಡವಿದ ಮನೆಯ ಕಂಬಗಳಿಗೂ ಒಂದು ಜಾಗ ಕೊಡಿ

ಮಾನ್ಯ ಸಂಪಾದಕರೇ,

ಚಿತ್ರದುರ್ಗ, ದಾವಣಗೆರೆಗಳಲ್ಲಿ ಹಳೇ ಮಾಳಿಗೆ ಮನೆಗಳನ್ನು ಕೆಡವಿದಾಗ ಕಂಬ, ಕಂಬದ ತಲೆಯ ಬೋದಿಗೆ, ಕೆತ್ತನೆಯ ಬಾಗಿಲು ಗುಜರಿಗೋ ಸೌದೆಗೋ ಹೋಗುತ್ತಿವೆ. ಮನೆ ಉಳಿಸಿಕೊಳ್ಳಲು ಎಲ್ಲರಿಗೂ ಆಗುವುದಿಲ್ಲ, ನಿಜ. ಆದರೆ ಬಿಚ್ಚಿದ್ದನ್ನಾದರೂ ಉಳಿಸಬಹುದಲ್ವಾ?

ಮಗಳ ಮನೆಗೆಂದು ಬ್ರಿಟನ್‌ಗೆ ಹೋಗಿದ್ದಾಗ ವೇಲ್ಸ್‌ನ ಪೋರ್ಟ್‌ಮೇರಿಯನ್ ಎಂಬ ಪುಟ್ಟ ಊರು ನೋಡಿದೆವು. ಕಡಲ ಅಳಿವೆಯ ದಡದ ಗುಡ್ಡದಲ್ಲಿ ಬಣ್ಣಬಣ್ಣದ ಮನೆಗಳು. ನೀರು ಇಳಿದರೆ ಕಣ್ಣು ಹಾಯಿಸಿದಷ್ಟೂ ಮರಳು. ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್ ಎಲ್ಲಿಸ್ 1925ರಲ್ಲಿ ಶುರುಮಾಡಿ, 90 ದಾಟಿದ ಮೇಲೂ ಕಟ್ಟುತ್ತಲೇ ಇದ್ದರಂತೆ. ಚೆಂದದ ಜಾಗದಲ್ಲಿ ಅದರ ಚೆಂದ ಕೆಡಿಸದೆ ಕಟ್ಟಬಹುದು ಎಂದು ತೋರಿಸುವುದೇ ಅವರ ಹಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಡೆ ಕೆಡವಿದ ಕಟ್ಟಡಗಳ ತುಂಡುಗಳು. ಎಮ್ರಲ್ ಹಾಲ್ ಎಂಬ ದೊಡ್ಡ ಮನೆಯನ್ನು 1936ರಲ್ಲಿ ಕೆಡವುವಾಗ, ಅದರ 17ನೇ ಶತಮಾನದ ಗಾರೆ ಚಾವಣಿಯನ್ನು ಅವರು ಹರಾಜಿನಲ್ಲಿ ಕೊಂಡು ತಂದರು. ಹರ್ಕ್ಯುಲಿಸ್‌ನ ಸಾಹಸಗಳಿರುವ ಚಾವಣಿ ಅದು. ತುಂಡು ತುಂಡಾಗಿ ಬಿಚ್ಚಿದ್ದನ್ನು ಊರಿನ ಸಭಾಭವನದಲ್ಲಿ ಮತ್ತೆ ಜೋಡಿಸಿದ್ದಾರೆ. ಬ್ರಿಸ್ಟಲ್‌ನಿಂದ ತಂದ 18ನೇ ಶತಮಾನದ ಕಂಬಸಾಲು ಚೌಕದ ಪಕ್ಕದಲ್ಲೇ ನಿಂತಿದೆ.

ಊರಿನ ಹಿಂದೆ ಸುಮಾರು 70 ಎಕರೆ ಕಾಡುತೋಟ. ರೋಡೋಡೆಂಡ್ರಾನ್, ಕ್ಯಾಮೆಲಿಯಾ, ಮ್ಯಾಗ್ನೋಲಿಯಾ ಹೂಗಿಡಗಳು. ಮುಂಚೆ ಬೇರೆಯವರು ನೆಟ್ಟ ಮರಗಳೂ ಅಲ್ಲಿವೆ. ಜನ ಟಿಕೆಟ್ ಕೊಟ್ಟು ಬರುತ್ತಾರೆ, ದಿನವಿಡೀ ನೆರಳಲ್ಲಿ ನಡೆಯುತ್ತಾರೆ.

ಅಷ್ಟು ದೂರ ಯಾಕೆ? ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನೇ ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಕಟ್ಟಿದರು. ಕುಕನೂರಿನ ಕಮಲ ಮಹಲ್ ಕೂಡ ಅಲ್ಲಿದೆ. ಬಯಲುಸೀಮೆಯ ಕಟ್ಟಡ ಕರಾವಳಿಗೆ ಹೋಗಿ ಉಳಿಯಿತು. ನಮ್ಮದು ನಮ್ಮಲ್ಲೇ ಉಳಿಯಲಿ ಎಂಬುದು ನನ್ನ ಆಸೆ.

ನಗರಸಭೆ, ಪಾಲಿಕೆಗಳಲ್ಲಿ ನನ್ನದೊಂದು ಕೋರಿಕೆ. ಹಳೇ ಮನೆ ಕೆಡವುವ ಮುನ್ನ ಫೋಟೋ ತೆಗೆದು, ಅಳತೆ ಬರೆದು, ಬಿಚ್ಚಿದ ಪ್ರತಿ ತೊಲೆಗೂ ನಂಬರ್ ಹಾಕಿಸಿ. ಮಾಲೀಕರಿಗೆ ಗುಜರಿಗಿಂತ ಸ್ವಲ್ಪ ಜಾಸ್ತಿ ಬೆಲೆ ಕೊಡಿ. ಊರ ಅಂಚಿನ ಸರ್ಕಾರಿ ಜಾಗದಲ್ಲಿ ಒಂದೆರಡು ಮನೆ ಮತ್ತೆ ಎಬ್ಬಿಸಿ. ಸುತ್ತ ಹೊಂಗೆ, ಬೇವು, ಹುಣಸೆ ನೆಡಿ. ಕಡಿಮೆ ನೀರಿನಲ್ಲೂ ಬದುಕುವ ಮರಗಳು ಅವು. ಮಾಳಿಗೆಗೆ ಮಣ್ಣು ಹಾಕಲು ಬಲ್ಲ ಹಿರಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಅವರು ಇರುವಾಗಲೇ ಈ ಕೆಲಸ ಶುರುವಾಗಲಿ.

ಇಂತಿ,
ನಿಮ್ಮ ಓದುಗ, ಚಿತ್ರದುರ್ಗ